ಏಳನೆಯ ಪ್ರಶ್ನೆ

ಅಕ್ಟೋಬರಿನಲ್ಲೇ ನಮ್ಮ ಕೋಣೆಯ ಕಿಟಕಿಗೆ
ಹತ್ತಿ ತುರುಕಿ, ಮೇಲೆ ಕಾಗದದ ಪಟ್ಟಿ ಅಂಟಿಸಿದ್ದೆವು.
ಉಲಾನ್‌ಬಾತರಿನ ಚಳಿಗೆ ಬೆರಳಗಲ ಸಂದಿ ಸಿಕ್ಕರೆ ಸಾಕು,
ಒಳಗೆ ಬಂದು ಹಾಸಿಗೆಯಲ್ಲೇ ಮಲಗುತ್ತದೆ.
ನಾಲ್ಕು ಮಂಚ, ನಾಲ್ವರು ಹುಡುಗಿಯರು, ಒಂದು ಕೆಟಲ್,
ನಾಲ್ಕು ತಿಂಗಳಿಂದ ಅದೇ ಗಾಳಿ.

ಫೆಬ್ರವರಿಯಲ್ಲಿ ಸಮೀಕ್ಷೆ ನನ್ನ ಪಾಲಿಗೆ ಬಂತು.
ಸಾಂಕ್ರಾಮಿಕ ರೋಗಗಳ ಬಗ್ಗೆ ವಿದ್ಯಾರ್ಥಿಗಳ ತಿಳಿವಳಿಕೆ:
ಇಪ್ಪತ್ತೆರಡು ಪ್ರಶ್ನೆ. ಹೌದು, ಇಲ್ಲ, ಗೊತ್ತಿಲ್ಲ.
ಹಾಸ್ಟೆಲಿನ ಮಹಡಿ ಮಹಡಿ ಹತ್ತಿ ಬಾಗಿಲು ಬಡಿದೆ.
ಎಲ್ಲರಿಗೂ ಎಲ್ಲವೂ ಗೊತ್ತು.
ಕ್ಷಯ ಗಾಳಿಯಿಂದ ಹರಡುತ್ತದೆಯೇ? ಹೌದು.
ಎರಡು ವಾರ ಮೀರಿದ ಕೆಮ್ಮಿಗೆ ಪರೀಕ್ಷೆ ಬೇಕೇ? ಹೌದು.
ಕಿಟಕಿ ತೆರೆದಿಡಬೇಕೇ? ಹೌದು, ಹೌದು
ಎಂದರು, ಹತ್ತಿ ತುರುಕಿದ ಕಿಟಕಿಗೆ ಬೆನ್ನು ಕೊಟ್ಟು.
ಏಳನೆಯದು: ಒಂದೇ ಕಪ್ಪಿನಲ್ಲಿ ಕುಡಿದರೆ ಕ್ಷಯ ಅಂಟುತ್ತದೆಯೇ?
ಇಲ್ಲ.
ನಮ್ಮ ಕೋಣೆಯ ನಾಲ್ವರೂ, ಇಲ್ಲ.

ಗುರುತು ಹಾಕುವಾಗ ತ್ಸೆಲ್ಮೆಗ್ ಕೆಮ್ಮಿದಳು.
ಪೆನ್ನು ಜಾರಿ ಗೆರೆ ಚೌಕದಾಚೆ ಹೋಯಿತು.
ಸರಿಯುತ್ತರವೆಂದೇ ಎಣಿಸಿಕೊಂಡೆ.

ಅವಳು ಉವ್ಸ್‌ನವಳು, ಪಡುವಣದ ತುದಿ.
ಅವ್ವ ಕಳಿಸಿದ ಕಿತ್ತಳೆ ಬಣ್ಣದ ಮುಳ್ಳುಹಣ್ಣಿನ ರಸವನ್ನು
ಬಿಸಿನೀರಿಗೆ ಬೆರೆಸಿಕೊಂಡು
"ಹೊಗೆಯ ಕೆಮ್ಮು ಕಣೇ, ಊರಿಗೆಲ್ಲ ಇದೆ" ಅನ್ನುತ್ತಿದ್ದಳು.
ಸುಳ್ಳಲ್ಲ. ಗುಡ್ಡದ ಮೇಲಿನ ಗೆರ್‌ಗಳಲ್ಲಿ ಕಲ್ಲಿದ್ದಲು ಉರಿದು
ಸಂಜೆ ಐದಕ್ಕೇ ಎದುರಿನ ಕಟ್ಟಡ ಕಾಣೆ.
ಕಿಟಕಿ ತೆರೆದರೆ ಹೊಗೆ, ಮುಚ್ಚಿದರೆ ಕೆಮ್ಮು.
ಇಪ್ಪತ್ತೆರಡರಲ್ಲಿ ಇದಕ್ಕೊಂದು ಚೌಕವಿರಲಿಲ್ಲ.

ರಾತ್ರಿ ದಿಂಬು ಕಚ್ಚಿ ಕೆಮ್ಮುತ್ತಿದ್ದಳು,
ನಮ್ಮ ನಿದ್ದೆ ಕೆಡಬಾರದೆಂದು.
ನಿದ್ದೆ ಬಂದವರಂತೆ ಬಿದ್ದುಕೊಂಡು ನಾವು ದಿನ ಎಣಿಸುತ್ತಿದ್ದೆವು.
ಹದಿನೈದು. ಹತ್ತೊಂಬತ್ತು.
ಪರೀಕ್ಷೆ ಮಾಡಿಸು ಎನ್ನಲು ಯಾರಿಗೂ ಬಾಯಿ ಬರಲಿಲ್ಲ;
ಆಡಿಬಿಟ್ಟರೆ ಅದು ಕೋಣೆಯ ಐದನೆಯವಳಾಗಿ
ಹೆಸರು ಬರೆಸಿಕೊಂಡು ಕೂತೀತೆಂಬ ಭಯ.

ಬದಲಿಗೆ ಒಂದು ಬೆಳಿಗ್ಗೆ
ಅವಳ ಕಪ್ಪಿನ ಕಿವಿಗೆ ಕೆಂಪು ದಾರ ಕಟ್ಟಿತ್ತು.
ಯಾರು ಕಟ್ಟಿದರೆಂದು ಯಾರೂ ಕೇಳಲಿಲ್ಲ.
ಕಪಾಟಿನ ಮೂಲೆಗೆ ಸರಿದ ಕಪ್ಪನ್ನು ನೋಡಿದಳು,
ನಮ್ಮ ಮೂವರನ್ನೂ ಒಂದು ಸುತ್ತು ನೋಡಿದಳು,
ಅದಕ್ಕೇ ಉಪ್ಪುಚಹಾ ಸುರಿದುಕೊಂಡಳು.
ಅಂದೇ ಮಧ್ಯಾಹ್ನ ಒಬ್ಬಳೇ ಬಸ್ಸು ಹತ್ತಿ
ಕಫದ ಡಬ್ಬಿ ಕೊಟ್ಟು ಬಂದಳಂತೆ.

ದಾರ ಕಟ್ಟಿದವಳು ನಾನು.
ಏಳನೆಯದಕ್ಕೆ ಇಲ್ಲ ಎಂದವಳು.
ಆ ಪ್ರಶ್ನೆ ಇರಲೇಬೇಕೆಂದು ಹಟ ಹಿಡಿದು ಸೇರಿಸಿದವಳೂ ನಾನೇ.
ತಲೆಗೆ ಗೊತ್ತಿದ್ದದ್ದು ಬೆರಳಿಗೆ ಇಳಿದಿರಲಿಲ್ಲ.
ಬೆರಳಿಗೆ ಇನ್ನೂ ಅಜ್ಜಿಯ ಮಾತೇ ಗೊತ್ತಿತ್ತು.

ಅವಳ ಮಂಚ ಖಾಲಿಯಾದ ದಿನ
ಉಯಾಂಗಾ ಚಾಕು ತಂದು ಕಾಗದದ ಪಟ್ಟಿ ಸೀಳಿದಳು.
ಈಗ ಗಾಳಿ ಬೀಸುವ ಹೊತ್ತು ನೋಡಿ,
ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ,
ಕೋಟು ತೊಟ್ಟು, ಟೋಪಿ ಎಳೆದುಕೊಂಡು, ಕಿಟಕಿ ತೆರೆದು
ನೂರರವರೆಗೆ ಎಣಿಸುತ್ತೇವೆ.
ಮೂವರ ಎಕ್ಸ್‌ರೇಯೂ ಸ್ವಚ್ಛ ಬಂತು.
ನನ್ನದನ್ನು ಬೆಳಕಿಗೆ ಹಿಡಿದು ನೋಡಿದೆ:
ಪಕ್ಕೆಲುಬು, ಅದರ ಹಿಂದೆ ಏನೂ ಇಲ್ಲದ ಕಪ್ಪು.

ಏಪ್ರಿಲಿನಲ್ಲಿ ಅವಳು ಮರಳಿದಳು,
ಇನ್ನೂ ಉಳಿದ ಮಾತ್ರೆಗಳೊಂದಿಗೆ,
ಇನ್ನು ಹರಡದು ಎಂಬ ವೈದ್ಯರ ಸಹಿಯೊಂದಿಗೆ.
ಕೆಳಗೆ ನೋಟೀಸ್ ಬೋರ್ಡಿನಲ್ಲಿ ನನ್ನ ಸಮೀಕ್ಷೆ:
ತಿಳಿವಳಿಕೆ ತೊಂಬತ್ತೊಂದು ಶೇಕಡ. ಉತ್ತಮ.

ಕೋಣೆ ನೋಡಲು ಬಂದ ವಾರ್ಡನ್ ದುಲಾಂಸುರೇನ್
ಮಂಡಿನೋವೆಂದು ಮಂಚದ ಮೇಲೆ ಕೂತು,
ಕೈಗೆ ಸಿಕ್ಕ ಕಪ್ಪಿಗೆ ಚಹಾ ಬಗ್ಗಿಸಿಕೊಂಡು ಗುಟುಕರಿಸಿ,
"ಇದೇನೇ ದಾರ?" ಎಂದರು.
ನನ್ನ ನಾಲಿಗೆ ಅಂಗುಳಿಗೆ ಅಂಟಿತು.
"ನನ್ನದು ಅಂತ ಗುರುತಿಗೆ," ಎಂದಳು ತ್ಸೆಲ್ಮೆಗ್,
ನನ್ನ ಕಡೆ ನೋಡದೆ.

ಕಿಟಕಿಯ ಬಳಿ ಉಯಾಂಗಾಗೆ ಎಣಿಕೆ ತಪ್ಪಿತು.
ಮತ್ತೆ ಒಂದರಿಂದ ಶುರುಮಾಡಿದಳು.