ಇಪ್ಪತ್ತೊಂಬತ್ತು ಕಿಲೋ

ಬೆಂಗ್ರೆಯ ರೇಷನ್ ಅಂಗಡಿಯ ತಕ್ಕಡಿ ಮೇಲೆ
ನನ್ನನ್ನು ನಿಲ್ಲಿಸಿ, ಮುಳ್ಳು ನೋಡಿ,
ಪುತ್ತುಮೋನು ಬ್ಯಾರಿ ಹೇಳಿದ್ದು ಇಷ್ಟೇ:
"ಇಪ್ಪತ್ತೊಂಬತ್ತು. ಸಾಕು. ನಾಳೆಯಿಂದ ಬಾ.
ಊಟ ಹೆಚ್ಚು ಮಾಡಬೇಡ."

ಏಳನೇ ಕ್ಲಾಸಿನ ರಜೆ. ಅಮ್ಮ ದೋಣಿ ದಾಟಿ
ದಕ್ಕೆಯಲ್ಲಿ ಬಂಗುಡೆ ವಿಂಗಡಿಸುವ ಹೊತ್ತಿಗೆ
ನಾನು ಹೊಳೆಬದಿಯಲ್ಲಿ
ಒಂದು ಕುದುರೆಯ ಕಣ್ಣಿಗೆ ಬೀಳುವ ಕೆಲಸಕ್ಕೆ ಸೇರಿದೆ.
ಮೊದಲ ಒಂಬತ್ತು ದಿನ ಅದೇ ಕೆಲಸ:
ಅದಕ್ಕೆ ಕಾಣುವಂತೆ ಕೂತಿರುವುದು,
ಅದನ್ನು ನೋಡದಿರುವುದು.

ಸಬ್ಬಕ್ಕಿ ಅಂತ ಹೆಸರು. ಹಾಲಿನಲ್ಲಿ ನೆನೆದ ಬಣ್ಣ,
ಮೂರು ವರ್ಷ. ಬೆನ್ನ ಮೇಲೆ
ನೊಣ ಬಿಟ್ಟರೆ ಯಾರೂ ಕೂತಿಲ್ಲ.
ಗೋಣಿ ಕಂಡರೆ ಹೆದರಿಕೆ, ಕೊಡೆ ಕಂಡರೆ ಹೆದರಿಕೆ,
ಆಚೆ ದಡದಲ್ಲಿ ಲಕ್ಷದ್ವೀಪದ ಮಂಜಿ ಕೂಗು ಹಾಕಿದರೆ
ಚರ್ಮ ಮೈಬಿಟ್ಟು ಓಡಲು ನೋಡುತ್ತಿತ್ತು.

ಸಲಹೆಗೇನು, ಊರೆಲ್ಲ ಕೊಟ್ಟಿತು.
ನಾಲ್ಕು ಜನ ಹಿಡಿದು, ಕಾಲಿಗೆ ಹಗ್ಗ ಬಿಗಿದು,
ಒಂದು ಸಂಜೆ ಹತ್ತಿಬಿಟ್ಟರೆ ಆಯಿತಲ್ಲ ಬ್ಯಾರಿಗಳೇ?
ಮುದುಕ ಬೀಡಿ ಹೊಸಕಿದ.
"ಹತ್ತಬಹುದು. ನಾಳೆ ತಣ್ಣೀರುಬಾವಿಯಲ್ಲಿ
ಅದರ ಮೇಲೆ ಮಕ್ಕಳನ್ನು ಕೂರಿಸುವವ ನಾನು.
ಹೆದರಿಕೆ ಎಲ್ಲಿಗೂ ಹೋಗುವುದಿಲ್ಲ,
ಒಳಗೆ ಕೂತು ಕಾಯುತ್ತದೆ."

ಹತ್ತನೇ ದಿನ ಗೋಣಿ. ಖಾಲಿ.
ನೆಲಕ್ಕೆ ಹಾಸಿ, ಮೇಲೆ ಹುರುಳಿ ಚೆಲ್ಲಿದ.
ಮೂಗು ಬಂತು, ಹೋಯಿತು, ಮತ್ತೆ ಬಂತು.
ಮರುದಿನ ಗೋಣಿ ಭುಜಕ್ಕೆ ತಾಗಿ ಸರಿಯಿತು.
ಬೇಡ ಅನ್ನುವ ಮೊದಲೇ ತೆಗೆಯಬೇಕು,
ಅದೇ ಇಡೀ ವಿದ್ಯೆ, ಉಳಿದದ್ದು ಹುಲ್ಲು ಹೊರುವುದು.
ಬೇಡ ಅಂದಮೇಲೆ ತೆಗೆದರೆ
ಬೇಡ ಅನ್ನಲು ಕಲಿಸಿದಂತೆ.
ಬೇಡ ಅಂದರೂ ಇಟ್ಟರೆ...
ಇದನ್ನವನು ಮುಗಿಸಲಿಲ್ಲ. ಇನ್ನೊಂದು ಬೀಡಿ ಹಚ್ಚಿದ.

ಭಾಷೆಯದೊಂದು ತೊಡಕು.
ಮಿರಜದಿಂದ ಬಂದ ಮರಿ, ಹಿಂದಿ ಕೇಳಿ ಬೆಳೆದದ್ದು.
ಅವನದು ಬ್ಯಾರಿ, ನನ್ನದು ತುಳು.
ಏನು ಹೇಳಲೂ ತೋಚದೆ ನಾನು
ಶಾಲೆಯ ಕನ್ನಡದಲ್ಲಿ ಮಗ್ಗಿ ಒಪ್ಪಿಸುತ್ತಿದ್ದೆ.
ಹದಿಮೂರರ ಮಗ್ಗಿಗೆ ಕಿವಿ ತಿರುಗುತ್ತಿತ್ತು,
ಯಾಕೋ, ಹದಿಮೂರೇ ಬೇಕು.
ಕೊನೆಯ ಸಾಲಿಗೆ ಬಂದಾಗಲೆಲ್ಲ
ನಿಜಕ್ಕೂ ಅಪ್ಪಣೆ ಕೇಳಿದಂತಾಗುತ್ತಿತ್ತು:
ಹದಿಮೂರು, ಹತ್ತಲೆ?

ಆಮೇಲೆ ಹೊಳೆ.
ಭರತದ ಹೊತ್ತಿಗೆ ಫಲ್ಗುಣಿ ಉಪ್ಪಾಗುತ್ತದೆ.
ಬೆನ್ನು ಮುಚ್ಚುವಷ್ಟು ನೀರಿನಲ್ಲಿ ಸಬ್ಬಕ್ಕಿ,
ಮುದುಕನ ಕೈಯಲ್ಲಿ ಹೆಸರಿಗೊಂದು ಹಗ್ಗ.
ನಾನು ಮಗ್ಗುಲಲ್ಲಿ ಈಜಿ ಹೋಗಿ
ತೇಲಿಬಂದ ಕೊತ್ತಳಿಗೆಯ ಹಾಗೆ
ಅಡ್ಡಡ್ಡ ಒರಗಿಕೊಂಡೆ.
ನನ್ನ ಭಾರವನ್ನೆಲ್ಲ ಹೊಳೆಯೇ ಇಟ್ಟುಕೊಂಡು
ಮೂರು ಕಿಲೋ ಮಾತ್ರ ಅದಕ್ಕೆ ದಾಟಿಸಿತು.
ಕುದುರೆ ಕತ್ತು ತಿರುಗಿಸಿ ನೋಡಿತು:
ಇಷ್ಟೇನಾ?

ದಿನಕ್ಕೊಂದು ಗೇಣು ದಡಕ್ಕೆ ಹತ್ತಿರ.
ಐದು ಕಿಲೋ. ಎಂಟು. ಹದಿನಾಲ್ಕಾದ ದಿನ
ಮಂಜಿ ಕೂಗಿತು, ನಾನು ಹೊಳೆಯ ತಳದಲ್ಲಿದ್ದೆ,
ಮೂಗಿನ ತುಂಬ ಕೆಸರು. ಮೇಲೆ ಬಂದಾಗ
ಸಬ್ಬಕ್ಕಿ ಅಲ್ಲೇ ನಿಂತು ನಡುಗುತ್ತಿತ್ತು, ನಾನೂ.
"ಮತ್ತೆ ಐದರಿಂದ," ಅಂದ ಮುದುಕ,
ಮೀನು ಬೀಳದ ಬಲೆಯನ್ನು ಮಡಚುವವನಂತೆ.

ನಲವತ್ತೊಂದನೇ ದಿನ ನೀರು ಗೊರಸಿನ ಮಟ್ಟಕ್ಕಿತ್ತು.
ಇಪ್ಪತ್ತೊಂಬತ್ತೂ ಅದರ ಬೆನ್ನ ಮೇಲೆ,
ಅಮ್ಮನ ಸಾರಿನ ದೆಸೆಯಿಂದ ಮೂವತ್ತೂ ಇರಬಹುದು.
ಅದರ ಉಸಿರಿಗೆ ನಾನು ಏರುತ್ತಿದ್ದೆ, ಇಳಿಯುತ್ತಿದ್ದೆ,
ದಕ್ಕೆಗೆ ಕಟ್ಟಿದ ದೋಣಿ.
ಮುದುಕ ಹಗ್ಗ ಬಿಟ್ಟದ್ದು ಇಬ್ಬರಿಗೂ ತಿಳಿಯಲಿಲ್ಲ.
ಸಬ್ಬಕ್ಕಿ ತಾನಾಗಿ ಹೆಜ್ಜೆ ಇಟ್ಟಿತು.
ನಾನು ಹೇಳಿದ್ದಲ್ಲ, ದಡದಲ್ಲಿ ಗರಿಕೆ ಕಂಡಿತ್ತು.
ಹೀಗೆ ನನ್ನ ಮೊದಲ ಸವಾರಿ
ಕುದುರೆಯ ತಿಂಡಿಗೆ ಜತೆ ಹೋದದ್ದು.

ಒಣ ಮರಳು ಸಿಕ್ಕಮೇಲೆ ಹೊಳೆಯಿತು,
ಹತ್ತಲು ನಲವತ್ತು ದಿನ ತೆಗೆದುಕೊಂಡ ನಾವು
ಇಳಿಯುವ ಮಾತೇ ಆಡಿರಲಿಲ್ಲ.
"ಬ್ಯಾರಿಗಳೇ, ಇಳಿಯುವುದು ಹೇಗೆ?"
ಅವನು ಬೆನ್ನು ಹಾಕಿ ಗೋಣಿ ಕೊಡಹುತ್ತಿದ್ದ.
"ಅದನ್ನೇ ಕೇಳು."

ಮಗ್ಗಿಯಲ್ಲಿ ಹತ್ತಲೆ ಇದೆ, ಇಳಿಯಲೆ ಇಲ್ಲ.
ಸಬ್ಬಕ್ಕಿ ಗರಿಕೆ ಅಗಿಯುತ್ತಿತ್ತು. ಬಿಸಿಲೇರುತ್ತಿತ್ತು.
ನಾನು ಕೂತೇ ಇದ್ದೆ.