ತಿರುಗಾಮುರುಗಾ

ಮೊದಲ ದಿನ ಮಿಸ್ ಗೌರ್ಲೆ ಹೇಳಿದ್ದು ಇಷ್ಟೇ:
"ನಿಮ್ಮ ಹೆಸರು ಕೊರೆಯಿರಿ. ತಪ್ಪಾದರೆ ಆಗಲಿ."
ಕೊಟ್ಟದ್ದು ಲಿನೋಲಿಯಂ ತುಂಡು,
ಯಾರದೋ ಅಡುಗೆಮನೆ ಕೆಡವಿದಾಗ ಹೊತ್ತು ತಂದದ್ದು;
ಮೂಲೆಯಲ್ಲಿ ಇನ್ನೂ ಒಲೆಯ ಕಾಲಿನ ಕುಳಿ.
ನಾನು ನೆಟ್ಟಗೇ ಕೊರೆದೆ.
ಕಾಗದದ ಮೇಲೆ ನನ್ನ ಹೆಸರು
ನನಗೇ ಬೆನ್ನು ಹಾಕಿ ನಿಂತಿತು.
ಹದಿಮೂರು ವರ್ಷ. ಅಳು ಬಂತು.
ಅವರು ಆ ಹಾಳೆಯನ್ನು ಮಗುಚಿ
ಕಿಟಕಿಯ ಗಾಜಿಗೆ ಒತ್ತಿ ಹಿಡಿದರು:
"ನೋಡು, ಆ ಕಡೆಯಿಂದ ಬರುವವರಿಗೆ ನೀನು ಸರಿಯಾಗೇ ಇದ್ದೀಯ."
ಆ ಕಡೆ ಇದ್ದದ್ದು ಟೇ ನದಿ, ಮಂಜು,
ಹಡಗುಕಟ್ಟೆಯ ಒಂದು ಕ್ರೇನು.

ಡಂಡಿಯಲ್ಲಿ ಆಗ ಗಿರಣಿಗಳು ಒಂದೊಂದಾಗಿ ಕಣ್ಣು ಮುಚ್ಚುತ್ತಿದ್ದವು.
ಬಂಗಾಳದಿಂದ ಹಡಗೇರಿ ಬಂದ ಸೆಣಬು
ಇಲ್ಲಿಯ ಹೆಂಗಸರ ಕೈಯಲ್ಲಿ ಗೋಣಿಯಾಗಿದ್ದ ಊರು.
ಗಂಡಸರಿಗೆ ಕೂಲಿ ಹೆಚ್ಚು ಕೊಡಬೇಕು, ಅದಕ್ಕೆ ಕೆಲಸವೇ ಇಲ್ಲ;
ಅವರು ಮನೆಯಲ್ಲಿ ಚಹಾಕ್ಕೆ ನೀರಿಡುತ್ತಿದ್ದರು.
ಟೀಚರ ತಾಯಿ ಬೆಲ್ಲಾ ಎರಡು ಮಗ್ಗ ನಡೆಸಿದವಳು.
ನಲವತ್ತಕ್ಕೇ ಕಿವಿ ಹೋಯಿತು.
ಆಮೇಲೆ ಮನೆಯ ಮಾತೆಲ್ಲ ತುಟಿಯಲ್ಲಿ, ಬೆರಳಲ್ಲಿ,
ಜಗಳ ಕೂಡ.
ಅದಕ್ಕೇ ಇರಬೇಕು, ಮಿಸ್ ಗೌರ್ಲೆ ಕೊರೆದ ಮುಖಗಳಿಗೆ ಕಿವಿಯಿಲ್ಲ.
ಕೈಗಳು ಮಾತ್ರ ಮೊರದಗಲ.

"ತಾಯಿಯ ಪಡಿಯಚ್ಚು ಕಣ್ರೀ ನೀವು" ಎಂದರೆ ಸಿಡುಕುತ್ತಿದ್ದರು:
"ಅಚ್ಚು ಹಾಕಿದ್ದೀರಾ ಯಾವಾಗಾದರೂ?
ಇಪ್ಪತ್ತು ಪ್ರತಿ ತೆಗೆದರೆ ಇಪ್ಪತ್ತು ಥರ."

ಬೆಲ್ಲಾ ಸತ್ತಾಗ ಗಂಡುಮಕ್ಕಳಿಗೆ ಗಡಿಯಾರ, ಒಳ್ಳೆಯ ಕುರ್ಚಿ.
ಮಗಳಿಗೆ ಬಟ್ಟೆ ಹಿಂಡುವ ಯಂತ್ರ.
ಎರಡು ಮರದ ಉರುಳೆ, ಒಂದು ಕಬ್ಬಿಣದ ಹಿಡಿಕೆ,
ಐವರ ಹಾಸಿಗೆಯ ನೀರು ಕುಡಿದು ಕಪ್ಪಾದದ್ದು.
ನಾಲ್ಕನೇ ಮಹಡಿಗೆ ಒಬ್ಬರೇ ಏರಿಸಿದರಂತೆ.
(ಇದನ್ನು ಮಾತ್ರ ನಾನು ನಂಬುವುದಿಲ್ಲ.)
ಉರುಳೆಗಳ ನಡುವೆ ಮಸಿ ಸವರಿದ ಲಿನೋ, ಮೇಲೆ ಕಾಗದ,
ಅದರ ಮೇಲೆ ತಾಯಿಯದೇ ಕಂಬಳಿಯ ತುಂಡು.
ತಿರುಗಿಸಿದರು.
ಇಷ್ಟು ವರ್ಷ ಹಿಂಡುತ್ತಿದ್ದದ್ದು ಅಂದು ಹೆತ್ತಿತು.

ಎಪ್ಪತ್ತನಾಲ್ಕರಲ್ಲಿ ಒಂದು ಪ್ರದರ್ಶನದ ಸಮಿತಿ ಬರೆಯಿತು:
"ಶ್ರೀಯುತ ಇ. ಗೌರ್ಲೆ ಅವರಿಗೆ ಅಭಿನಂದನೆ."
ಚೌಕಟ್ಟು ಕಂಕುಳಲ್ಲಿಟ್ಟು ಇವರೇ ಹೋಗಿ ನಿಂತಾಗ
ಗೋಡೆಯಲ್ಲಿ ಜಾಗ ಸಾಲದಾಯಿತು.
ಹಿಂದಿನ ಕೋಣೆಯಲ್ಲಿ ತೂಗಿದರು, ಕಸೂತಿಯ ಪಕ್ಕ.
ಶಾಲೆಯಲ್ಲೂ ಹಾಗೇ: ಮೂರು ಸಲ
ಇವರೇ ಕುಂಚ ಹಿಡಿಯಲು ಕಲಿಸಿದ ಹುಡುಗರು
ಇವರ ಮುಖ್ಯಸ್ಥರಾಗಿ ಬಂದರು.
ಬಂದ ಪತ್ರವನ್ನು ಒಂದೂ ಹರಿಯಲಿಲ್ಲ.
"ಒಳ್ಳೆಯ ಕಾಗದ" ಅಂದರು,
ಹಿಂಬದಿಗೆ ಮಗ್ಗದ ಹೆಂಗಸರನ್ನು ಅಚ್ಚೊತ್ತಿದರು,
ವಿಷಾದಿಸುತ್ತೇವೆ ಎಂಬ ಸಾಲು
ಅವರ ಏಪ್ರನ್ನಿನ ಹಿಂದೆ ಮಸುಕಾಗಿ ಕಾಣುವಂತೆ.

ನಮಗೆ ಕಲಿಸುವಾಗ ಒಂದು ಶಬ್ದ ಅವರಿಗಾಗದು: ಅಚ್ಚುಕಟ್ಟು.
"ಹುಡುಗಿಯರಿಗೆ ಅದನ್ನು ಹಾಲಲ್ಲೇ ಕಲಸಿ ಕುಡಿಸಿದ್ದಾರೆ.
ಅಂಚು ದಾಟು. ಉಳಿ ಜಾರಿದರೆ ಜಾರಲಿ,
ಬೆರಳು ಮಾತ್ರ ಹಿಂದಿರಲಿ."

ಎಂಬತ್ತೊಂದನೇ ವರ್ಷ ಕರೆಸಿಕೊಂಡರು.
ಬೆಲ್ಲಾಳ ಕೈಗಳ ಆ ಅಚ್ಚುಪಡಿ ಮೇಜಿನ ಮೇಲಿತ್ತು.
ಇಪ್ಪತ್ತು ಪ್ರತಿ ಮುಗಿದಿವೆ, ಇನ್ನು ತೆಗೆಯಬಾರದು;
ಗೀರಿ ರದ್ದು ಮಾಡುವುದು ಪದ್ಧತಿ.
ಅವರ ಕೈ ನಡುಗುತ್ತಿತ್ತು. ಉಳಿ ನನಗೆ ಕೊಟ್ಟರು.
ಎಷ್ಟು ಹೊತ್ತು ನಿಂತೆನೋ.
"ಎಳೆ" ಅಂದರು.
ಈ ಮೂಲೆಯಿಂದ ಆ ಮೂಲೆಗೆ ಎಳೆದೆ,
ಆ ದೊಡ್ಡ ಕೈಗಳ ನಟ್ಟನಡುವೆ.
ಹಳೆಯ ಹಿಡಿಕೆ ಇಬ್ಬರೂ ಸೇರಿ ತಿರುಗಿಸಿದೆವು, ಕೊನೆಯ ಸಲ.
ಕಾಗದ ಎತ್ತಿದಾಗ ಗೀರು ಬೆಳ್ಳಗಿತ್ತು,
ಎಡಗೈಯಿಂದ ಬಲಗೈಗೆ ಬಿಗಿದ ಒಂದು ನೂಲು.
ನಾನು ಏನೋ ಹೇಳಹೊರಟೆ.
"ಮೊದಲು ಕೈ ತೊಳೆ," ಅಂದರು,
"ಬಾಗಿಲ ಹಿಡಿಗೆಲ್ಲ ಮಸಿಯಾಗುತ್ತೆ."