ತಪಕೀರ ಡಬ್ಬಿ

ಜಮಖಂಡಿಯ ಹುದ್ದಾರ ಡಾಕ್ಟರ ದವಾಖಾನಿಯೊಳಗೆ
ಇಪ್ಪತ್ತಾರು ವರ್ಷ ಕಿತ್ತ ಹಲ್ಲು ತೊಳೆದವ ನಾನು.
ಯಾರೂ ವಾಪಸ್ ಕೇಳಿದವರಲ್ಲ.
ಶಮೀನಾ ಬಾಗವಾನ್ ಅನ್ನೋ ಹುಡುಗಿ ಬಂದು ಕೇಳಿದಳು,
ಅದೂ ಎಣಿಸಿ, ನಲವತ್ತು,
ಈ ಸೀಮಿಯೊಳಗೇ ಹುಟ್ಟಿ ಬೆಳೆದವರವು ಬೇಕು ಅಂತ.

ಯಾತಕ್ಕವ್ವಾ?
ಲ್ಯಾಪ್‌ಟಾಪ್ ತೆರೆದು ಒಂದು ದವಡೆ ತೋರಿಸಿದಳು.
ಆಫ್ರಿಕಾದ್ದು. ಹದಿನೈದೋ ಇಪ್ಪತ್ತೋ ಲಕ್ಷ ವರ್ಷ.
ಹಳೇ ಬೆಲ್ಲದ ಬಣ್ಣ.
ನಮ್ಮ ಬೂದೆಪ್ಪ ಜಕಾತಿಯ ದವಡೆಗಿಂತ
ಗಟ್ಟಿ ಇತ್ತು, ಸುಳ್ಳು ಯಾಕೆ ಹೇಳಲಿ.

"ಏನು ಉಂಡರು ಅಂತ ಹಲ್ಲು ಮರೆಯೂದಿಲ್ಲ ಕಾಕಾ.
ಚಿಟಿಕೆ ಪುಡಿ ಕೆರೆದು ಆಸಿಡ್ ಬಿಟ್ಟರೆ ಗಾಳಿ ಏಳತೈತಿ,
ಆ ಗಾಳಿ ತೂಗೋ ತಕ್ಕಡಿ ಪುಣೆದಾಗ ಐತಿ.
ಗಿಡದ ಎಲಿ, ಹಣ್ಣು ತಿಂದವರದು ಕೂದಲೆಳೆ ಹಗುರ,
ಬಯಲ ಹುಲ್ಲು ತಿಂದವರದು ಕೂದಲೆಳೆ ಭಾರ.
ಜೋಳ ಅಂದರೂ ಹುಲ್ಲೇ, ಕಬ್ಬು ಅಂದರೂ ಹುಲ್ಲೇ.
ಅಕ್ಕಿ, ಗೋಧಿ ನೋಡಲಿಕ್ಕೆ ಹುಲ್ಲು,
ತೂಕಕ್ಕಿಟ್ಟರೆ ಗಿಡದ ಕಡೆ."

ಹಲ್ಲಿಗೆ ಒಂದು ಕೊಂಬು ಬಂದರೆ ಹುಲ್ಲು, ಅಂದೆ.
ನಕ್ಕಳು. "ತೊಡಕು ಅಲ್ಲೇ ಐತಿ ಕಾಕಾ,
ಹುಲ್ಲು ತಿಂದರೋ
ಹುಲ್ಲು ತಿಂದ ಕೊಂಬಿನದನ್ನೇ ತಿಂದರೋ
ತಕ್ಕಡಿಗೆ ತಿಳಿಯೂದಿಲ್ಲ."

ಮೂವತ್ತೆಂಟು ಸಿಕ್ಕವು.
ಉಳಿದೆರಡಕ್ಕ ಮನೆಗೆ ಹೋಗಿ
ಅವ್ವನ ತಪಕೀರ ಡಬ್ಬಿ ತಂದೆ.
ನಾನೇ ಹಿಡಕೊಂಡು ಕೂತಾಗ ಕಿತ್ತವು,
ಒಂದು ಮುಂದಿನ ದವಡೆ ಹಲ್ಲು, ಒಂದು ಕಡೀದು.
ಇನ್ನೂ ತಂಬಾಕಿನ ವಾಸನೆ.

ಫೋನ್ ಬಂದಾಗ ಟ್ರೇ ಕುದಿಸತಿದ್ದೆ.
"ಮೂವತ್ತೆಂಟೂ ಜೋಳದ ಕಡೆ ಕಾಕಾ, ಹೆಚ್ಚು ಕಡಿಮಿ.
ಡಬ್ಬಿಯವು ಎರಡು ಜಗಳ ಆಡತಾವ.
ಕಡೀದು ಭಾರ. ಮುಂದಿನದು ಹಗುರ.
ಮುಂದಿನದು ಹುಟ್ಟಿದ ಮೂರು ವರ್ಷದಾಗ
ವಸಡಿನೊಳಗೇ ಕಟ್ಟಿ ಮುಗಿದಿರತೈತಿ.
ನಿಮ್ಮವ್ವ ಯಾವೂರವರು?"

ತೇರದಾಳ, ಅಂದೆ.
ಅಂದೆ, ಆಮೇಲೆ ಸುಮ್ಮನಾದೆ.

"ಅಕ್ಕಿ ಇರಬಹುದು. ಗೋಧಿ ಇರಬಹುದು.
ಹಾಲು ಕುಡಿಸಿದಾಕಿ ಉಂಡದ್ದಿರಬಹುದು.
ಊರ ಹೆಸರು ಹಲ್ಲು ಹೇಳೂದಿಲ್ಲ."

ನಾಕರಿಂದ ಒಂಬತ್ತರೊಳಗೆ
ಯಾರೋ ಆ ಕೂಸಿನ ಕೈ ಹಿಡಿದು ತಂದಿರಬೇಕು.
ಬಂಡಿಯೋ, ಕಾಲುನಡಿಗೆಯೋ.
ಗಿಡದ ನೆರಳು ಬಿಟ್ಟು ಈ ಎರೆ ಬಯಲಿಗೆ.
ಎಪ್ಪತ್ತು ವರ್ಷ ರೊಟ್ಟಿ ಬಡಿದಾಕಿ,
ಬಡಿಯೂದು ಯಾರ ಹತ್ತಿರ ಕಲಿತಿ ಅಂತ
ನಾವು ಕೇಳಲಿಲ್ಲ.

ಜ್ವರ ಬಂದರೆ ಗಂಜಿ, ಗಂಜಿ ಅಂತಿದ್ದಳು.
ನಾವು ಜೋಳದ ನುಚ್ಚು ಕುದಿಸಿ, ಮಜ್ಜಿಗಿ ಬೆರೆಸಿ ಕೊಡತಿದ್ದಿವಿ.
ಎರಡು ಚಮಚ ಉಂಡು
ಗ್ವಾಡಿ ಕಡೆ ಹೊರಳತಿದ್ದಳು.